ಲೂಯಿಸ್ ಇನ್ನೂ ಬಂದಿಲ್ಲ

ಕಳೆದ ವಾರ ಕಾರ್ಕಳದಲ್ಲಿ, ನನ್ನ ಜೊತೆ ಶಾಲೆಯಲ್ಲಿ ಪಾಠ ಮಾಡುವ ಗೆಳತಿಯ ಮಗಳ ಹುಟ್ಟುಹಬ್ಬವಿತ್ತು. ಮಗು ಕೇಕಿನ ಮೇಲಿದ್ದ ಮೇಣದ ಬತ್ತಿಗಳನ್ನು ಊದಿತು, ಎಲ್ಲರೂ ಚಪ್ಪಾಳೆ ತಟ್ಟಿದರು. ಆರಿದ ಬತ್ತಿಗಳಿಂದ ಬೂದು ಹೊಗೆಯ ಎಳೆಗಳೆದ್ದು, ಸುಟ್ಟ ನೂಲಿನ ಮತ್ತು ಕರಗಿದ ಮೇಣದ ವಾಸನೆ ಮೂಗಿಗೆ ಬಂದದ್ದೇ ತಡ, ನನಗೆ ಗೊತ್ತಿಲ್ಲದೆಯೇ ನನ್ನ ಕೈಗಳು ಎದೆಯ ಹತ್ತಿರ ಕೂಡಿಕೊಂಡವು. ಆ ಕೋಣೆಯಲ್ಲಿ ಎಲ್ಲರಿಗಿಂತ ಹಿರಿಯರು ಯಾರೆಂದು ಕಣ್ಣು ಹುಡುಕತೊಡಗಿತು. "ಎಂತ ಮಾರಾಯ್ತಿ, ಕೇಕಿಗೆ ಕೈ ಮುಗಿಯುವುದಾ? ಮೊದಲು ತಿಂದು ನೋಡು, ಕೈ ಮುಗಿಯುವಷ್ಟು ಒಳ್ಳೇದುಂಟಾ ಅಂತ," ಎಂದು ಗೆಳತಿ ನಕ್ಕಳು. ನಾನೂ ನಕ್ಕೆ. ರೂಮಿಗೆ ಬಂದು ಎಂದಿನಂತೆ ಡೈರಿಯಲ್ಲಿ ತಾರೀಖು ಹಾಕಿದೆ. ಅಂದಿನ ಖರ್ಚು, ಬಸ್ಸು ತಡವಾದದ್ದು, ತಿದ್ದಬೇಕಾದ ಉತ್ತರಪತ್ರಿಕೆಗಳು, ಯಾವುದನ್ನೂ ಬರೆಯಲು ಮನಸ್ಸು ಬರಲಿಲ್ಲ. ಶಾಮಾಯ್ ಎಂದಷ್ಟೇ ಬರೆದೆ.

ಶಾಮಾಯ್ ಎಂದರೆ ನಮ್ಮ ಕೊಂಕಣಿಯಲ್ಲಿ ಅಜ್ಜಿ. ಶಿರ್ವದಲ್ಲಿ ಅವಳ ಮನೆಯಿತ್ತು, ಅದೇ ನಮ್ಮ ಮನೆ. ಈಗ ಆ ಜಾಗದಲ್ಲಿ ಕುವೈತಿನಲ್ಲಿರುವ ಯಾರದೋ ದೊಡ್ಡ ಮನೆ ಎದ್ದಿದೆ. ಗೇಟಿನ ಎರಡು ಕಡೆ ಸಿಂಹಗಳಿವೆ. ನಮ್ಮ ಮನೆಗೆ ಗೇಟೇ ಇರಲಿಲ್ಲ, ಗದ್ದೆಯ ಅಂಚಿನಿಂದ ನೇರ ಅಂಗಳಕ್ಕೆ ಬರಬಹುದಿತ್ತು. ನಡುಮನೆಯ ಗೋಡೆಯಲ್ಲಿ ಗಾಜಿನ ಬಾಗಿಲಿನ ಮರದ ಆಲ್ತಾರು, ಅಂದರೆ ನಮ್ಮ ದೇವರ ಪೀಠ. ಅದರೊಳಗೆ ಶಿಲುಬೆ, ಮಾತೆ ಮರಿಯಮ್ಮನ ಪ್ರತಿಮೆ, ಕಳೆದ ಗರಿಗಳ ಭಾನುವಾರ ಚರ್ಚಿನಲ್ಲಿ ಕೊಟ್ಟಿದ್ದ, ಈಗ ಒಣಗಿದ ತೆಂಗಿನ ಗರಿ. ಸಂಜೆ ಚರ್ಚಿನ, ನಮ್ಮ ಮಾತಿನಲ್ಲಿ ಇಗರ್ಜಿಯ, ಗಂಟೆ ಹೊಡೆದ ಸ್ವಲ್ಪ ಹೊತ್ತಿಗೆ ಶಾಮಾಯ್ ಮೇಣದ ಬತ್ತಿ ಹಚ್ಚಿ ತೇರ್ಸ್ ಶುರು ಮಾಡುತ್ತಿದ್ದಳು. ಜಪಮಾಲೆಯ ಪ್ರಾರ್ಥನೆಗೆ ನಮ್ಮಲ್ಲಿ ತೇರ್ಸ್ ಎನ್ನುತ್ತಾರೆ. ಅವಳ ದನಿ ಅರ್ಧ ಹೇಳಿ ನಿಲ್ಲುತ್ತಿತ್ತು, ಉಳಿದರ್ಧ ನಾವು ಎತ್ತಿಕೊಳ್ಳುತ್ತಿದ್ದೆವು. ಒಲೆಯ ಮೇಲೆ ಕುಚ್ಚಲಕ್ಕಿ ಗಂಜಿ ಕೊತಗುಡುವ ಸದ್ದು, ಸುಟ್ಟ ಒಣಮೀನಿನ ವಾಸನೆ, ಅಂಗಳದಲ್ಲಿ ಕಪ್ಪೆಗಳು. ತಮ್ಮ ರೋಶನ್ ಪ್ರತಿ ಸಂಜೆಯೂ ಪ್ರಾರ್ಥನೆಯ ನಡುವೆ ತೂಕಡಿಸಿ ಮಮ್ಮಿಯ ಮೇಲೆ ಬೀಳುತ್ತಿದ್ದ. ಮುಗಿದ ಮೇಲೆ ಶಾಮಾಯ್ ಬೆರಳಿಗೆ ಎಂಜಲು ಹಚ್ಚಿ ಬತ್ತಿಯನ್ನು ಚಿವುಟಿ ಆರಿಸುತ್ತಿದ್ದಳು, ಆ ಹೊಗೆಯ ನಡುವೆಯೇ ನಾವು ಕೈ ಜೋಡಿಸಿ ಅವಳೆದುರು ನಿಂತು "ಬೆಸಾಂವ್ ದೀ, ಶಾಮಾಯ್" ಎನ್ನಬೇಕಿತ್ತು. ಆಶೀರ್ವಾದ ಕೊಡು ಎಂದು. "ದೇವ್ ಬರೆಂ ಕರುಂ" ಎಂದು, ದೇವರು ಒಳ್ಳೆಯದು ಮಾಡಲಿ ಎಂದು, ಅವಳು ತಲೆಯ ಮೇಲೆ ಕೈಯಿಡುತ್ತಿದ್ದಳು. ಹಾಗೆ ಮನೆಗೆ ಹಿರಿಯರಾದವರ ಮುಂದೆ ಉಳಿದವರೆಲ್ಲ ಹೋಗಿ ಬೇಡುವುದು ನಮ್ಮ ಮನೆಗಳ ಪದ್ಧತಿ. ಗಂಜಿ ಅದಾದ ಮೇಲೆ.

ಬೇಡದವರಿಗೆ ಅದು ಇರಲಿಲ್ಲ. ರೋಶನ್ ಒಮ್ಮೆ ನಿದ್ದೆಗಣ್ಣಲ್ಲಿ ತಲೆಯನ್ನಷ್ಟೇ ಮುಂದೆ ಚಾಚಿದಾಗ ಶಾಮಾಯ್ ಕೈ ಹಿಂದೆಳೆದುಕೊಂಡಿದ್ದಳು. "ಕೇಳದೆ ಹೇಗೆ ಕೊಡುವುದು? ಇದೆಂತ ಹಿತ್ತಲಿನ ಬಾಳೆಹಣ್ಣಾ, ಬೇಕಾದವ ಕಿತ್ಕೊಂಡು ಹೋಗ್ಲಿಕ್ಕೆ?"

ಆ ಮನೆಯಲ್ಲಿ ಬೇಡದೆ ಇದ್ದವರು ಪಪ್ಪ ಮಾತ್ರ. ಅವರು ಮಣಿಪಾಲದ ಕಾಲೇಜೊಂದರಲ್ಲಿ ಔಷಧಗಳ ಬಗ್ಗೆ ಪಾಠ ಮಾಡುತ್ತಿದ್ದರು. ಯಾವ ಮಾತ್ರೆ ಮಿದುಳಿನ ಯಾವ ಮೂಲೆಗೆ ಹೋಗಿ ಏನು ಮಾಡುತ್ತದೆ ಎಂಬುದು ಅವರ ವಿಷಯ. ಸಂಜೆ ಸ್ಕೂಟರಿನಲ್ಲಿ ಬಂದು ಕೈಕಾಲು ತೊಳೆದು, ನಾವು ಮಂಡಿಯೂರುವ ಹೊತ್ತಿಗೆ ಅವರು ಜಗಲಿಯ ದೀಪದ ಕೆಳಗೆ ಓದುತ್ತ ಕೂತಿರುತ್ತಿದ್ದರು. ನಾವು ಹುಟ್ಟುವ ಮೊದಲೇ ಅದು ಹಾಗೆ ಆಗಿತ್ತಂತೆ. ನಮ್ಮ ಜೊತೆಯೇ ಇದ್ದ ಪಪ್ಪನ ತಂಗಿ ಎಮಿಲಿ ಆಂಟಿ ಹೇಳಿದ್ದು: ಡಾಕ್ಟರೇಟು ಸಿಕ್ಕಿದ ವರ್ಷ, ಒಂದು ಸಂಜೆ ತೇರ್ಸ್ ಮುಗಿದಾಗ ಪಪ್ಪ ತಾಯಿಯ ಮುಂದೆ ಕೈ ಜೋಡಿಸಲಿಲ್ಲ. "ಮಾಂಯ್, ನನಗೆ ಇದು ಬಾಯಿಯ ಅಭ್ಯಾಸ ಮಾತ್ರ ಆಗಿದೆ. ಒಳಗೆ ಎಂತದೂ ಇಲ್ಲದೆ ನಿನ್ನ ಎದುರು ನಿಂತು ಕೇಳಿದರೆ ಅದು ಸುಳ್ಳಾಗ್ತದೆ," ಎಂದರಂತೆ. ಶಾಮಾಯ್ ಬೈಯಲಿಲ್ಲ, ಅಳಲಿಲ್ಲ. "ಆಯ್ತು ಪುತಾ. ನಿನಗೆ ಗೊತ್ತಿರುವುದು ನನಗೆ ಗೊತ್ತಿಲ್ಲ. ನಿನಗೆ ಬೇಕು ಅನ್ನಿಸಿದ ದಿವಸ ಕೇಳು. ನಾನು ಇಲ್ಲೇ ಇರ್ತೇನೆ," ಎಂದಳಂತೆ. ಮತ್ತೆ ಒಳಗೆ ಹೋಗಿ ಅವರ ಗಂಜಿಯನ್ನು ಬಿಸಿಯಾಗಿ ಮುಚ್ಚಿಟ್ಟಳು. ನಾನು ಕಂಡ ಅಷ್ಟು ವರ್ಷವೂ ಅದನ್ನು ಹಾಗೆಯೇ ಮುಚ್ಚಿಡುತ್ತಿದ್ದಳು.

ನಮ್ಮ ಇಗರ್ಜಿಯ ವಾರ್ಡಿನ ಮುಖಂಡರಿಗೆ ಗುರ್ಕಾರ್ ಎನ್ನುತ್ತೇವೆ. ಒಂದು ಸಂಜೆ ಇಗರ್ಜಿಯ ಚೀಟಿ ಕೊಡಲು ಬಂದ ಅವರು ಜಗಲಿಯ ಕಡೆ ಕಣ್ಣು ಹಾಯಿಸಿ, "ನಿಮ್ಮ ಮಗನಿಗೆ ದೇವರಿಗಿಂತ ಜಾಸ್ತಿ ಓದಾಯ್ತು ಅಲ್ವಾ?" ಎಂದರು. ಶಾಮಾಯ್ ಅವರಿಗೆ ಚಹಾ ಕೊಡುತ್ತ, "ದೇವರು ಎಲ್ಲಿವರೆಗೆ ಓದಿದ್ದಾರೆ ಅಂತ ನಿಮಗೆ ಗೊತ್ತುಂಟಾ ಗುರ್ಕಾರ್ರೇ?" ಎಂದಳು. ಪಾಪ, ಅವರು ಚಹಾ ಬಿಸಿಯಿದ್ದಂತೆಯೇ ಕುಡಿದು ಎದ್ದರು. "ನನ್ನ ಮಗ ಸುಳ್ಳು ಹೇಳುವುದಿಲ್ಲ," ಎಂದು ಅವಳು ಆಮೇಲೆ ಪಾತ್ರೆಗಳಿಗೆ ಹೇಳಿದಳು. ಆ ವರ್ಷ ಧರ್ಮೋಪದೇಶದ ತರಗತಿಯಲ್ಲಿ ನಮಗೆ ಪವಿತ್ರಾತ್ಮರ ಏಳು ವರಗಳನ್ನು ಬಾಯಿಪಾಠ ಮಾಡಿಸಿದ್ದರು. ಅದರಲ್ಲಿ ಜ್ಞಾನವೂ ಇತ್ತು, ತಿಳುವಳಿಕೆಯೂ ಬೇರೆಯಾಗಿ ಇತ್ತು. ಎರಡೂ ಒಂದೇ ಅಲ್ಲವೇ, ಪಟ್ಟಿಯಲ್ಲಿ ತಪ್ಪಾಗಿ ಎರಡು ಸಲ ಸೇರಿದೆಯೇ ಎಂದು ನನಗೆ ಚಿಂತೆ, ಲೆಕ್ಕ ಸರಿ ಬಾರದಿದ್ದರೆ ನನಗೆ ಆಗಲೂ ನಿದ್ದೆ ಬರುತ್ತಿರಲಿಲ್ಲ. ಪಪ್ಪನನ್ನು ಕೇಳಿದರೆ, ತಿಳುವಳಿಕೆಯನ್ನು ಪರೀಕ್ಷೆ ಮಾಡಿ ನೋಡಬಹುದು, ಇನ್ನೊಂದರ ಬಗ್ಗೆ ಶಾಮಾಯನ್ನೇ ಕೇಳು ಎಂದರು. ಶಾಮಾಯನ್ನು ಕೇಳಿದೆ. "ಅದೆಲ್ಲ ನನಗೆಂತ ಗೊತ್ತು ಬಾಯೇ. ಪಪ್ಪನ ಗಂಜಿ ಆರಿತಾ ನೋಡು," ಎಂದಳು.

ನಾನು ಆರನೆಯ ತರಗತಿಯಲ್ಲಿದ್ದಾಗ ಅವಳ ಮರೆವು ಶುರುವಾಯಿತು. ಮೀನಿನ ಸಾರಿಗೆ ಎರಡು ಸಲ ಉಪ್ಪು ಬಿತ್ತು. ಒಂದು ಮಂಗಳವಾರ ಭಾನುವಾರದ ಸೀರೆಯುಟ್ಟು ಕೊಡೆ ಹಿಡಿದು ಪೂಜೆಗೆ ಹೊರಟುಬಿಟ್ಟಳು, ಇಗರ್ಜಿಯ ಬೀಗ ಹಾಕಿದ ಬಾಗಿಲ ಮುಂದೆ ಬಹಳ ಹೊತ್ತು ಕಾದು, ಊರಿನವರೆಲ್ಲ ಸತ್ತುಹೋದರೆಂದು ಅಳುತ್ತ ಬಂದಳು. ನಾವೆಲ್ಲ ವಯಸ್ಸಾಯಿತು ಎಂದುಕೊಂಡೆವು. ಪಪ್ಪನಿಗೆ ಅದೇ ದಿನ ಗೊತ್ತಾಯಿತು. ಮಣಿಪಾಲಕ್ಕೆ ಕರೆದುಕೊಂಡು ಹೋಗಿ ಸ್ಕ್ಯಾನ್ ಮಾಡಿಸಿದರು. ರಾತ್ರಿಯ ಊಟವಾದ ಮೇಲೆ ಹಳೆಯ ಪ್ರಶ್ನೆಪತ್ರಿಕೆಯ ಹಿಂಬದಿಯಲ್ಲಿ ಒಂದು ಮಿದುಳು ಬರೆದು ನಮಗೆಲ್ಲ ವಿವರಿಸಿದರು. ನನಗೆ ಈಗಲೂ ಅಷ್ಟು ಚೆನ್ನಾಗಿ ಪಾಠ ಮಾಡಲು ಬರುವುದಿಲ್ಲ. ಹೊಸ ನೆನಪು ಮೊದಲು ಹೋಗುತ್ತದೆ, ಹಳೆಯದು ಕೊನೆಗೆ ಎಂದರು.

"ಹಾಗಾದರೆ ನನ್ನನ್ನೇ ಫಸ್ಟ್ ಮರೆಯುವುದಾ? ನಾನು ಲಾಸ್ಟ್ ಬಂದವ ಅಲ್ವಾ?" ಎಂದ ರೋಶನ್.

"ಹೌದು," ಎಂದರು ಪಪ್ಪ. ಅವರಿಗೆ ಮಕ್ಕಳಿಗೂ ಸುಳ್ಳು ಹೇಳಲು ಬರುತ್ತಿರಲಿಲ್ಲ.

"ನಿಮ್ಮನ್ನು?"

"ನನ್ನನ್ನು ಎಲ್ಲರಿಗಿಂತ ಕೊನೆಗೆ." ಅದನ್ನು ಹೇಳುವಾಗ ಅವರ ಮುಖದಲ್ಲಿ, ಆ ದುಃಖದಲ್ಲಿಯೂ, ಒಂದು ಸಮಾಧಾನವಿತ್ತು. ಇನ್ನೂ ಹೊತ್ತಿದೆ ಎಂಬ ಸಮಾಧಾನ.

ಆಮೇಲೆ ಪಪ್ಪ ಪ್ರತಿ ಸಂಜೆ ಬೇಗ ಬರತೊಡಗಿದರು. ತೇರ್ಸ್‌ಗೆ ಮೊದಲು ಶಾಮಾಯಿಯ ಎದುರು ಕುರ್ಚಿ ಎಳೆದು ಕೂತು ಪ್ರಶ್ನೆ ಕೇಳುತ್ತಿದ್ದರು: ಇವತ್ತು ಯಾವ ವಾರ, ಇದು ಯಾವ ಊರು, ನೂರರಲ್ಲಿ ಏಳು ಕಳೆದರೆ ಎಷ್ಟು. ಸರಿಯಾದದ್ದಕ್ಕೆ ಒಂದು ಗುರುತು, ತಪ್ಪಿದ್ದಕ್ಕೆ ಇನ್ನೊಂದು, ಗೆರೆ ಎಳೆದ ಕಾಗದದಲ್ಲಿ ಹಾಕುವುದು ನನ್ನ ಕೆಲಸ. ಔಷಧ ಬದಲಾದಾಗಲೆಲ್ಲ ಗುರುತುಗಳು ಬದಲಾಗುತ್ತವೆಯೇ ಎಂದು ಅವರು ಆ ಕಾಗದವನ್ನು ದೀಪಕ್ಕೆ ಹಿಡಿದು ನೋಡುತ್ತಿದ್ದರು. ಶಾಮಾಯಿಗೆ ಏಳು ಕಳೆಯುವುದು ಇಷ್ಟವಾಗುತ್ತಿರಲಿಲ್ಲ. "ಯಾಕೆ ಕಳೆಯಬೇಕು? ನೂರು ಉಂಟಲ್ಲ, ಇರಲಿ," ಎನ್ನುತ್ತಿದ್ದಳು. ನಾನು ತಪ್ಪಿನ ಗುರುತು ಹಾಕುತ್ತಿದ್ದೆ.

ರೋಶನನನ್ನು ಮೊದಲು ಮರೆತಳು, ಪಪ್ಪ ಹೇಳಿದಂತೆಯೇ. ಆಮೇಲೆ ನನ್ನನ್ನು, ಆಮೇಲೆ ಮಮ್ಮಿಯನ್ನು. ಆದರೆ ತೇರ್ಸ್ ಮಾತ್ರ ಒಂದು ಮಣಿಯೂ ತಪ್ಪುತ್ತಿರಲಿಲ್ಲ. ಮುಗಿದ ಮೇಲೆ ನಾವು ಕೈ ಜೋಡಿಸಿ ನಿಂತರೆ, "ಎಷ್ಟು ಚಂದದ ಮಕ್ಕಳು, ಯಾರ ಮನೆಯವು?" ಎಂದು ಕೇಳುತ್ತ ತಲೆಯ ಮೇಲೆ ಕೈಯಿಡುತ್ತಿದ್ದಳು. ನಾವು ಯಾರೆಂದು ಗೊತ್ತಿಲ್ಲದಿದ್ದರೂ ಅವಳ ಕೈಯ ಭಾರ ಮೊದಲಿನಷ್ಟೇ ಇತ್ತು. ಕಾಪುವಿನಿಂದ ಮೀನು ತರುವ ಅಬೂಬಕ್ಕರಾಕ ಒಂದು ಸಂಜೆ ಅಂಗಳದಲ್ಲಿ ಸ್ಕೂಟರು ನಿಲ್ಲಿಸಿ ಇದನ್ನು ನೋಡಿದರು. "ನನಗೂ ಒಂದು ಕೊಡಿ ಬಾಯಮ್ಮ, ಇವತ್ತು ಬಂಗುಡೆ ಅರ್ಧವೂ ಹೋಗಲಿಲ್ಲ," ಎಂದು ತಮಾಷೆಗೆ ಕೈ ಜೋಡಿಸಿದರು. ಶಾಮಾಯ್ ಮೆಟ್ಟಿಲಿಳಿದು ಹೋಗಿ ಅವರ ಟೊಪ್ಪಿಯ ಮೇಲೆ ಕೈಯಿಟ್ಟಳು. ಅವರು ನಗಲಿಲ್ಲ. ಮರುದಿನದಿಂದ ನಮ್ಮ ಮನೆಗೆ ಬಂದಾಗಲೆಲ್ಲ ಟೊಪ್ಪಿ ಸರಿಪಡಿಸಿಕೊಂಡು ಬರುತ್ತಿದ್ದರು.

ಪಪ್ಪನ ವಿಷಯದಲ್ಲಿ ಮಾತ್ರ ಪಪ್ಪ ಕಲಿತದ್ದು ಸರಿಯೂ ಆಯಿತು, ಯಾವ ಉಪಯೋಗಕ್ಕೂ ಬಾರದೆಯೂ ಹೋಯಿತು. ಶಾಮಾಯ್ ಅವರನ್ನು ಮರೆಯಲಿಲ್ಲ. ಆದರೆ ಅವಳ ಒಳಗೆ ಉಳಿದ ಲೂಯಿಸ್, ಅದು ಪಪ್ಪನ ಹೆಸರು, ಚಡ್ಡಿ ಹಾಕಿಕೊಂಡು ಶಾಲೆಗೆ ಹೋಗುವ ಹುಡುಗ. ಬತ್ತಿ ಹಚ್ಚುವ ಮೊದಲು ಅಂಗಳಕ್ಕೆ ಹೋಗಿ ಗದ್ದೆಯ ಕಡೆ ನೋಡುತ್ತ, "ಲೂಯಿಸ್, ತೇರ್ಸ್‌ಗೆ ಹೊತ್ತಾಯ್ತು, ಬಾ ಪುತಾ," ಎಂದು ಕರೆಯುತ್ತಿದ್ದಳು. ಒಳಗೆ ಬಂದು ನಮ್ಮನ್ನು ತಡೆಯುತ್ತಿದ್ದಳು: "ಸ್ವಲ್ಪ ನಿಲ್ಲಿ. ಲೂಯಿಸ್ ಇನ್ನೂ ಬಂದಿಲ್ಲ." ತಲೆ ನರೆತ, ಕನ್ನಡಕ ಹಾಕಿದ ಲೂಯಿಸ್ ಅವಳ ಪಕ್ಕದಲ್ಲೇ ನಿಂತಿರುತ್ತಿದ್ದರು. ಅವರನ್ನು ಕಂಡರೆ ಅವಳು ಸೆರಗನ್ನು ತಲೆಗೆ ಎಳೆದುಕೊಂಡು ಎದ್ದು ನಿಲ್ಲುತ್ತಿದ್ದಳು. ಬಿಳಿ ಉದ್ದ ತೋಳಿನ ಅಂಗಿ, ಮೆಲ್ಲಗಿನ ಮಾತು, ದಿನವೂ ಎದುರು ಕೂತು ಪ್ರಶ್ನೆ ಕೇಳುವುದು. ನಮ್ಮ ಕಡೆ ಮನೆಭೇಟಿಗೆ ಬಂದು ಹಾಗೆ ಕೂತು ಪ್ರಶ್ನೆ ಕೇಳುವವರು ಪಾದ್ರಿಗಳು ಮಾತ್ರ. ಮಗನನ್ನು ಅವಳು ಪಾದ್ರಿ ಎಂದುಕೊಂಡಿದ್ದಳು.

ಅದು ನಮಗೆ ಮೊದಮೊದಲು ನಗೆಯ ವಿಷಯವಾಗಿತ್ತು. "ಪಾದ್ರಿಯವರಿಗೆ ಗಂಜಿ ಬಡಿಸಿ," ಎಂದು ಮಮ್ಮಿಯೂ ಚೇಷ್ಟೆ ಮಾಡುತ್ತಿದ್ದರು. ಪಪ್ಪ ನಗುವುದನ್ನು ನಿಲ್ಲಿಸಿದ್ದು ನನಗೆ ನೆನಪಿದೆ. ಆ ದಿನದ ತಾರೀಖೂ ಡೈರಿಯಲ್ಲಿದೆ. ಅಂದು ತೇರ್ಸ್‌ನ ನಡುವೆ ಜಗಲಿಯಿಂದ ಎದ್ದು ಬಂದು ಅವರು ನಮ್ಮ ಹಿಂದೆ ಮಂಡಿಯೂರಿದರು. ಎಮಿಲಿ ಆಂಟಿಯ ದನಿ ಅಲ್ಲಿಗೇ ನಿಂತಿತು. ಮುಗಿದ ಮೇಲೆ, ಎಷ್ಟೋ ವರ್ಷಗಳ ನಂತರ, ಪಪ್ಪ ತಾಯಿಯೆದುರು ಕೈ ಜೋಡಿಸಿ "ಬೆಸಾಂವ್ ದೀ, ಮಾಂಯ್" ಎಂದರು. ಅವರ ದನಿ ಸಣ್ಣ ಹುಡುಗನದಾಗಿತ್ತು. ಶಾಮಾಯ್ ಗಾಬರಿಯಿಂದ ಹಿಂದೆ ಸರಿದಳು. "ಛೆ ಛೆ, ನೀವು ನನ್ನ ಹತ್ತಿರ ಕೇಳುವುದಾ ಪಾದ್ರಿಯವರೇ? ಜನ ನೋಡಿದರೆ ಎಂತ ಹೇಳಿಯಾರು!" ಎಂದು ಕೈಯನ್ನು ಸೆರಗಿನೊಳಗೆ ಬಚ್ಚಿಟ್ಟುಕೊಂಡಳು. ಮೀನಿನವರಿಗೆ ಸಿಕ್ಕಿದ್ದು, ತೆಂಗಿನಕಾಯಿ ಕೀಳಲು ಬಂದವರಿಗೂ ಸಿಕ್ಕಿದ್ದು ಅವರಿಗೆ ಸಿಗಲಿಲ್ಲ.

ಮುಂದಿನ ತಿಂಗಳುಗಳಲ್ಲಿ ಪಪ್ಪ ಏನೇನೋ ಮಾಡಿ ನೋಡಿದರು. ಬಣ್ಣದ ಅಂಗಿ ಹಾಕಿ ಬಂದರು. ಮೀಸೆ ತೆಗೆದರು. ಕೂದಲಿಗೆ ಕಪ್ಪು ಹಚ್ಚಿದರು. ರೋಶನ್ ಕೂಡ ಗುರುತು ಹಿಡಿಯದೆ ಅತ್ತ. ತಾನು ಹುಡುಗನಾಗಿದ್ದಾಗ ಅವಳು ಹೇಳಿಕೊಡುತ್ತಿದ್ದ ಪದಗಳನ್ನು ಅವಳ ಕಿವಿಯ ಹತ್ತಿರ ಹಾಡಿದರು. ಇಗರ್ಜಿಯಲ್ಲಿ ಮೊದಲ ಸಲ ಪರಮಪ್ರಸಾದ ತೆಗೆದುಕೊಂಡ ದಿನ ಬಿಳಿ ಅಂಗಿ ಹಾಕಿ ಮೇಣದ ಬತ್ತಿ ಹಿಡಿದು ನಿಂತ ಹಳೆಯ ಫೋಟೋ ಹುಡುಕಿ ತಂದು ಅವಳ ಮಡಿಲಲ್ಲಿಟ್ಟರು. ಶಾಮಾಯ್ ಫೋಟೋಕ್ಕೆ ಮುತ್ತಿಟ್ಟಳು, ಎದೆಗೆ ಒತ್ತಿಕೊಂಡಳು. ಆಮೇಲೆ ಅವಳು ಪಪ್ಪನತ್ತ ತಿರುಗಿ, "ನಿಮಗೆ ನನ್ನ ಲೂಯಿಸನ ಪರಿಚಯ ಉಂಟಾ? ಎಲ್ಲಿಯಾದರೂ ಸಿಕ್ಕಿದರೆ ಮನೆಗೆ ಕಳಿಸಿ. ಓದ್ಲಿಕ್ಕೆ ಅಂತ ಹೋದವ," ಎಂದಳು. ಪಪ್ಪ ಎದ್ದು ಬಾವಿಕಟ್ಟೆಗೆ ಹೋದರು. ಅವರು ಅಳುವ ಸದ್ದು ಕೇಳದಿರಲಿ ಎಂದು ಎಮಿಲಿ ಆಂಟಿ ಬೇಕೆಂದೇ ಪಾತ್ರೆಗಳನ್ನು ಜೋರಾಗಿ ತೊಳೆದರು. ಅಂದಿನಿಂದ ಪಪ್ಪ ಪ್ರಶ್ನೆ ಕೇಳಲಿಲ್ಲ, ನಾನೂ ಗುರುತು ಹಾಕಲಿಲ್ಲ.

ಪಾಸ್ಕ ಹಬ್ಬಕ್ಕೆ, ಅಂದರೆ ಈಸ್ಟರಿಗೆ, ಮುಂಚಿನ ತಪಸ್ಸುಕಾಲ ಶುರುವಾಗುವ ಹೊತ್ತಿಗೆ ಅವಳಿಗೆ ಮಂಡಿಯೂರಲು ಆಗುತ್ತಿರಲಿಲ್ಲ. ಮಂಚದಲ್ಲಿ ಕೂತೇ ತೇರ್ಸ್ ಹೇಳುತ್ತಿದ್ದಳು, ದನಿ ಎಳೆ ಎಳೆಯಾಗಿತ್ತು. ಒಂದು ಸಂಜೆ ಮುಗಿಸಿ, ನಮಗೆಲ್ಲ ಆಶೀರ್ವಾದ ಕೊಟ್ಟು, ಬಾಗಿಲ ಬಳಿ ನಿಂತಿದ್ದ ಪಪ್ಪನನ್ನು ಕೈ ಬೀಸಿ ಕರೆದಳು. ಅವರು ಬಂದು ಮಂಚದ ಪಕ್ಕ ನಿಂತರು. ಶಾಮಾಯ್ ತನ್ನ ಎರಡು ಕೈ ಜೋಡಿಸಿ, ಕತ್ತು ಬಗ್ಗಿಸಿ, "ಬೆಸಾಂವ್ ದೀ, ಪಾದ್ರಿಯವರೇ" ಎಂದಳು.

ಪಪ್ಪ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು.

"ಕೊಡು ಲೂಯಿಸ್," ಎಂದರು ಎಮಿಲಿ ಆಂಟಿ ಮೆಲ್ಲಗೆ. "ಒಂದು ಮಾತು ಅಲ್ವಾ."

"ನನ್ನ ಹತ್ತಿರ ಕೊಡ್ಲಿಕ್ಕೆ ಎಂತ ಉಂಟು ಎಮಿಲಿ?"

"ಅವಳ ಹತ್ತಿರವಾದರೂ ಎಂತ ಉಳಿದಿದೆ ಈಗ? ಕೊಡುವುದಿಲ್ವಾ ಅವಳು?"

ಶಾಮಾಯ್ ಕೈ ಜೋಡಿಸಿಕೊಂಡೇ ಇದ್ದಳು. ಅವಳಿಗೆ ಆತುರವಿರಲಿಲ್ಲ, ಬೇಡಿದವರಿಗೆ ಸಿಗುತ್ತದೆ ಎಂಬುದರಲ್ಲಿ ಸಂಶಯವೂ ಇರಲಿಲ್ಲ. ಪಪ್ಪ ಕೈಯೆತ್ತಿ ಅವಳ ನೆತ್ತಿಯ ಮೇಲಿಟ್ಟು, "ದೇವ್ ಬರೆಂ ಕರುಂ" ಎಂದರು. ಶಾಮಾಯ್ ಶಿಲುಬೆಯ ಗುರುತು ಮಾಡಿಕೊಂಡಳು. ಆದರೆ ಕತ್ತು ಎತ್ತಲಿಲ್ಲ. "ಇನ್ನೊಂದು ಬೇಕು," ಎಂದಳು. "ನನ್ನ ಲೂಯಿಸನಿಗೆ. ಅವ ಕೇಳುವುದಿಲ್ಲ, ಅವನಿಗೆ ಸ್ವಲ್ಪ ಅಭಿಮಾನ ಜಾಸ್ತಿ. ಒಳ್ಳೆಯ ಹುಡುಗ. ಅವನ ಬದಲು ನಾನು ಕೇಳ್ತೇನೆ. ಕೊಡಿ." ಕೇಳದವರಿಗೆ ಕೊಡುವುದಿಲ್ಲ ಎಂದು ಜೀವನವಿಡೀ ಹಟ ಹಿಡಿದವಳು ಆ ಸಂಜೆ ತಾನೇ ಅವನಿಗಾಗಿ ಬೇಡುತ್ತಿದ್ದಳು. ಪಪ್ಪನ ಕೈ ಇನ್ನೂ ಅವಳ ನೆತ್ತಿಯ ಮೇಲಿತ್ತು. ಅವರು ಹೇಳಲು ಹೊರಟರು, ಮೊದಲ ಪದ ಬಂತು, ಮುಂದಿನದು ಬರಲಿಲ್ಲ. ಮತ್ತೆ ಹೊರಟರು. ಕೊನೆಗೆ ಆ ಮಾತು ಅವರ ಬಾಯಿಂದ ಪೂರ್ತಿ ಹೊರಬಂದಾಗ ಅವರು ಮಂಚದ ಪಕ್ಕದ ನೆಲದ ಮೇಲೆ ಕೂತಿದ್ದರು, ಮುಖ ಅವಳ ಸೀರೆಯಲ್ಲಿ ಹುದುಗಿತ್ತು. ಶಾಮಾಯ್ ಪಾದ್ರಿಯೊಬ್ಬರು ಹೀಗೆ ಅಳುವುದನ್ನು ಕಂಡು ಸಂಕೋಚಪಟ್ಟು ನಮ್ಮತ್ತ ನೋಡಿ, "ನೀರು ಕೊಡಿ ಅವರಿಗೆ, ದೂರದಿಂದ ಬಂದಿದ್ದಾರೆ," ಎಂದಳು.

ಪಾಸ್ಕ ಹಬ್ಬಕ್ಕೆ ಮೊದಲೇ ಅವಳು ಹೋದಳು, ಬೆಳಗಿನ ಜಾವ, ನಿದ್ದೆಯಲ್ಲಿ. ಕೊನೆಯವರೆಗೂ ಮಗನನ್ನು ಗುರುತಿಸಲಿಲ್ಲ. ಪಪ್ಪ ನನ್ನನ್ನು ಆಮೇಲೆ ಒಮ್ಮೆ ಮಾತ್ರ ಕೇಳಿದ್ದರು, ಮಣಿಪಾಲದ ಫ್ಲ್ಯಾಟಿನ ಬಾಲ್ಕನಿಯಲ್ಲಿ, ಶಿರ್ವದ ಮನೆ ಮಾರಾಟವಾಗಿ ಎಮಿಲಿ ಆಂಟಿ ಕೆಮ್ಮಣ್ಣಿನ ಸಂಬಂಧಿಕರ ಹತ್ತಿರ ಹೋದ ಮೇಲೆ: "ನೀನು ಎಲ್ಲ ಬರೆದಿಡುವವಳಲ್ವಾ. ಅವತ್ತು ಮಾಂಯ್ ನನ್ನ ಬದಲು ಕೇಳಿದ್ದು ನನಗೆ ಸಿಕ್ಕಿತು ಅಂತ ಲೆಕ್ಕವಾ?" ಈಗ ನಾನೇ ಮಕ್ಕಳಿಗೆ ಏಳು ವರಗಳನ್ನು ಬಾಯಿಪಾಠ ಮಾಡಿಸುವಾಗಲೂ ಆ ಲೆಕ್ಕ ಹಾಕಿ ನೋಡುತ್ತೇನೆ. ನಿಮ್ಮ ಮನೆಯಲ್ಲಿಯೂ ಹೀಗೆ ಕೇಳದೆ ಉಳಿದದ್ದು ಏನಾದರೂ ಇದ್ದರೆ, ಇದು ಎಂಥ ಸಂಕಟವೆಂದು ನಿಮಗೆ ಗೊತ್ತಿರುತ್ತದೆ.

ಅವಳನ್ನು ಮಣ್ಣು ಮಾಡಿ ಬಂದ ಸಂಜೆ ಮನೆ ತುಂಬ ಜನರಿದ್ದರು. ಎಮಿಲಿ ಆಂಟಿ ತೇರ್ಸ್ ಹೇಳಿಸಿದರು, ದನಿ ನಡುನಡುವೆ ಒಡೆಯುತ್ತಿತ್ತು. ಮುಗಿಯಿತು. ನಾವು ಮಕ್ಕಳು ಅಭ್ಯಾಸದಂತೆ ಕೈ ಜೋಡಿಸಿ ಎದ್ದು ನಿಂತೆವು, ಆಮೇಲೆ ಎತ್ತ ಹೋಗುವುದೆಂದು ತಿಳಿಯದೆ ನಿಂತೇ ಇದ್ದೆವು. ಇನ್ನು ಆ ಮನೆಯಲ್ಲಿ ಎಲ್ಲರಿಗಿಂತ ಹಿರಿಯರು ಯಾರೆಂದು ರೋಶನನಿಗೆ ನನಗಿಂತ ಮೊದಲು ಹೊಳೆಯಿತು. ಅವನು ಪಪ್ಪನ ಮುಂದೆ ಹೋಗಿ ನಿಂತು, ನಿದ್ದೆಯಿಲ್ಲದ ಕಣ್ಣಿನಲ್ಲಿ, "ಬೆಸಾಂವ್ ದೀ" ಎಂದ. ಅವನ ಹಿಂದೆ ನಾನು, ನನ್ನ ಹಿಂದೆ ಎಮಿಲಿ ಆಂಟಿ. ಪಪ್ಪ ನಮ್ಮನ್ನು ನೋಡಿದರು. ಆಮೇಲೆ ಮೆಲ್ಲನೆ ತಿರುಗಿ, ನಾವು ಬೇಡುತ್ತಿರುವುದು ಯಾರನ್ನು ಎಂದು ತನ್ನ ಹಿಂದೆ ನೋಡಿದರು. ಹಿಂದೆ ಬರಿಯ ಗೋಡೆ ಇತ್ತು.